ಬೋರಾಮಣಿಗೆ ನಾಲ್ಕು ಸಾಲು

ಬೋರಾಮಣಿಯ ಬಗ್ಗೆ ವಿಕಿಪೀಡಿಯಕ್ಕೆ ನಾಲ್ಕು ಸಾಲು ಬರೆಯಲು ಕುಳಿತಿರಿ ಎಂದುಕೊಳ್ಳಿ. ಮೊದಲ ಸಾಲು ಸಲೀಸು. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಗ್ರಾಮ. ಸೊಲ್ಲಾಪುರದಿಂದ ಹೈದರಾಬಾದ್ ಕಡೆಗೆ ಹೋಗುವ ಹೆದ್ದಾರಿಯ ಮೇಲಿದೆ. ಇಷ್ಟಕ್ಕೆ ಯಾರ ತಕರಾರೂ ಇಲ್ಲ.

ಎರಡನೆಯ ಸಾಲಿಗೆ ಬಂದಾಗ ಕೈ ತಡೆಯುತ್ತದೆ. ಈ ಊರಿನ ಹೆಸರು ಹೊರಗಿನವರ ಕಿವಿಗೆ ಬಿದ್ದದ್ದೇ ವಿಮಾನ ನಿಲ್ದಾಣದಿಂದ. ಅಂತರರಾಷ್ಟ್ರೀಯ ನಿಲ್ದಾಣಕ್ಕೆಂದು ಇಲ್ಲಿ ಜಮೀನು ಪಡೆದು ವರ್ಷಗಳೇ ಕಳೆದವು, ಅರಣ್ಯ ಇಲಾಖೆಯ ತುಂಡು ಭೂಮಿಯ ತೊಡಕಿನಲ್ಲಿ ಕೆಲಸ ನನೆಗುದಿಗೆ ಬಿತ್ತು. ಇದನ್ನು ‘ಅಭಿವೃದ್ಧಿ ಯೋಜನೆ’ ಎನ್ನುವವರಿದ್ದಾರೆ, ‘ರೈತರ ಕೈಬಿಟ್ಟ ಹೊಲ’ ಎನ್ನುವವರಿದ್ದಾರೆ, ಎರೆಭೂತ ಹಕ್ಕಿಯೂ ತೋಳವೂ ಬಾಳಿದ ಹುಲ್ಲುಗಾವಲು ಎಂದು ನೆನಪಿಸುವವರೂ ಇದ್ದಾರೆ. ಸೊಲ್ಲಾಪುರದೊಳಗೇ ಇರುವ ಹೋಟಗಿ ರಸ್ತೆಯ ಹಳೆಯ ನಿಲ್ದಾಣವನ್ನು ಮೇಲೆತ್ತಲು 2023ರ ಜೂನ್‌ನಲ್ಲಿ ಸಿದ್ಧೇಶ್ವರ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನು ಕೆಡವಿದರು. ಕಾರ್ಖಾನೆಯ ಕಬ್ಬು ಬೆಳೆಗಾರರು ಚಿಮಣಿಯ ಪರ, ವಿಮಾನ ಬೇಕೆಂದವರು ವಿರುದ್ಧ. ಬೋರಾಮಣಿಯಲ್ಲೇ ಹೊಸದು ಕಟ್ಟಿ ಎಂಬ ಮಾತು ಈ ಜಗಳದ ಒಂದು ದಾಳ. ಹೀಗಾಗಿ ‘ಬೋರಾಮಣಿಯಲ್ಲಿ ವಿಮಾನ ನಿಲ್ದಾಣ ಉದ್ದೇಶಿತವಾಗಿದೆ’ ಎಂಬ ಸಪ್ಪೆ ವಾಕ್ಯಕ್ಕೂ ಊರಿನವರು ಪಕ್ಷ ಹಚ್ಚಬಲ್ಲರು.

ಮೂರನೆಯ ಸಾಲು ಸಿದ್ಧರಾಮನದು. ಹನ್ನೆರಡನೆಯ ಶತಮಾನದ ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ ಶರಣ. ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದಲ್ಲಿ ಅವನ ಹೆಸರಿನ ನಂದಿಧ್ವಜಗಳು ಹೊರಟಾಗ ಸುತ್ತಲ ಹಳ್ಳಿಗಳೆಲ್ಲ ಅಲ್ಲಿರುತ್ತವೆ. ಕನ್ನಡಿಗರಿಗೆ ಅವನು ವಚನಕಾರ, ಮರಾಠಿ ಮನೆಗಳಲ್ಲಿ ಗ್ರಾಮದೈವ ಸಿದ್ಧೇಶ್ವರ. ಅವನನ್ನು ಲಿಂಗಾಯತ ಎನ್ನಬೇಕೋ ವೀರಶೈವ ಎನ್ನಬೇಕೋ ಎಂದು ಕೇಳಿದಿರೋ, 2018ರಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮದ ಕುರಿತ ನಾಗಮೋಹನದಾಸ್ ಸಮಿತಿಯ ವರದಿಯ ಮೇಲೆ ಕರ್ನಾಟಕದಲ್ಲಿ ನಡೆದ ವಾದವೆಲ್ಲ ಈ ಒಂದು ವಿಶೇಷಣದೊಳಗೆ ಬಂದು ಕೂರುತ್ತದೆ. ಸೊಲ್ಲಾಪುರದ ವಿಶ್ವವಿದ್ಯಾಲಯಕ್ಕೆ ಸಿದ್ಧೇಶ್ವರನ ಹೆಸರು ಬೇಕೆಂದು ಒಂದು ಗುಂಪು, ಅಹಿಲ್ಯಾದೇವಿ ಹೋಳ್ಕರ್ ಹೆಸರು ಬೇಕೆಂದು ಇನ್ನೊಂದು ಗುಂಪು ವರ್ಷಗಟ್ಟಲೆ ಪಟ್ಟು ಹಿಡಿದಿದ್ದವು. 2019ರಲ್ಲಿ ಅಹಿಲ್ಯಾದೇವಿಯ ಹೆಸರು ಬಂತು.

ನಾಲ್ಕನೆಯ ಸಾಲು ಕರ್ನಾಟಕ-ಮಹಾರಾಷ್ಟ್ರ ಗಡಿ. ಅದನ್ನು ಬರೆಯಬೇಕೋ ಬಿಡಬೇಕೋ ಎಂಬುದೇ ಮೊದಲ ಪ್ರಶ್ನೆ.

ಅಪರಿಚಿತರು ಸೇರಿ ಬರೆಯುವ ವಿಶ್ವಕೋಶ, ನಕಾಶೆ, ತಂತ್ರಾಂಶ ಇವುಗಳಲ್ಲೆಲ್ಲ ಇಪ್ಪತ್ತು ವರ್ಷಗಳಿಂದ ಒಂದೇ ಪ್ರಶ್ನೆ ಸುತ್ತುತ್ತಿದೆ: ಕೆಲಸಕ್ಕೆ ಬರುವವರು ತಮ್ಮ ರಾಜಕೀಯವನ್ನು ಏನು ಮಾಡಬೇಕು? ಹೊಸಿಲಾಚೆ ಚಪ್ಪಲಿ ಬಿಟ್ಟಂತೆ ಬಿಟ್ಟು ಬನ್ನಿ ಎಂಬುದು ಸಾಮಾನ್ಯ ಉತ್ತರ. ಗಡಿಯ ಊರಿನಲ್ಲಿ ಹುಟ್ಟಿದವರಿಗೆ ಈ ಉತ್ತರ ನಡೆಯುವುದಿಲ್ಲ. ಅಲ್ಲಿ ಯಾವ ಲಿಪಿಯಲ್ಲಿ ಊರಿನ ಹೆಸರು ಬರೆದಿರಿ ಎಂಬುದರಿಂದಲೇ ನಿಮ್ಮ ಪಕ್ಷ ತೀರ್ಮಾನವಾಗಿರುತ್ತದೆ.

ಗಡಿಯ ಕತೆಯನ್ನು ಎಷ್ಟು ಬೇಕೋ ಅಷ್ಟೇ ಹೇಳುತ್ತೇನೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಭೋಸಲೆ ಮನೆತನದ ಸಂಸ್ಥಾನವಾಗಿದ್ದ ಅಕ್ಕಲಕೋಟೆ ಅದಕ್ಕೂ ಮೊದಲೇ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಗಿತ್ತು. ಮಹಾರಾಷ್ಟ್ರದ ಒತ್ತಾಯದ ಮೇಲೆ 1966ರಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಏಕಸದಸ್ಯ ಆಯೋಗ ನೇಮಿಸಿತು. 1967ರಲ್ಲಿ ವರದಿ ಬಂತು. ಬೆಳಗಾವಿ ಆಗಿನ ಮೈಸೂರು ರಾಜ್ಯದಲ್ಲೇ ಉಳಿಯಲಿ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಕಡೆಯ ಕನ್ನಡ ಊರುಗಳು ಇತ್ತ ಬರಲಿ, ಖಾನಾಪುರ, ನಿಪ್ಪಾಣಿ ಕಡೆಯ ಊರುಗಳು ಅತ್ತ ಹೋಗಲಿ ಎಂಬುದು ಅದರ ಸಾರ. ಕರ್ನಾಟಕ ಒಪ್ಪಿತು, ಮಹಾರಾಷ್ಟ್ರ ಒಪ್ಪಲಿಲ್ಲ, ಜಾರಿಯಾಗಲಿಲ್ಲ. 2004ರಿಂದ ಸುಪ್ರೀಂ ಕೋರ್ಟಿನಲ್ಲಿ ದಾವೆ ಇದೆ.

ಈ ವರದಿಯ ಒಂದು ಸಂಖ್ಯೆಯ ಪಾಡು ನೋಡಿ. 247. ಮಹಾಜನ್ ವರದಿಯು 247 ಊರುಗಳನ್ನು ಮಹಾರಾಷ್ಟ್ರದಿಂದ ತೆಗೆದು ಕರ್ನಾಟಕಕ್ಕೆ ಕೊಡಿ ಎಂದಿತು ಎಂದು ಕೆಲವು ಪತ್ರಿಕೆಗಳು ಬರೆಯುತ್ತವೆ. ಬೆಳಗಾವಿಯ ಜತೆಗೆ 247 ಊರುಗಳು ಕರ್ನಾಟಕದಲ್ಲೇ ‘ಉಳಿಯಲಿ’ ಎಂದಿತು ಎಂದು ಇನ್ನು ಕೆಲವು ಬರೆಯುತ್ತವೆ. ಒಂದು ಕ್ರಿಯಾಪದ ಬದಲಾದರೆ ಇಡೀ ತಾಲ್ಲೂಕುಗಳು ಗಡಿ ದಾಟುತ್ತವೆ. ಎರಡಕ್ಕೂ ಉಲ್ಲೇಖ ಸಿಗುತ್ತದೆ, ಎರಡೂ ಹೆಸರುವಾಸಿ ಪತ್ರಿಕೆಗಳೇ. ತಂತಮ್ಮ ಉಲ್ಲೇಖ ಹಿಡಿದು ಇಬ್ಬರು ಸಂಪಾದಕರು ರಾತ್ರಿಯಿಡೀ ಒಬ್ಬರದನ್ನೊಬ್ಬರು ಅಳಿಸುತ್ತ ಕೂರಬಹುದು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಇದಕ್ಕೊಂದು ಲಗಾಮಿದೆ: ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಬೇರೆಯವರ ತಿದ್ದುಪಡಿಯನ್ನು ರದ್ದುಗೊಳಿಸುವಂತಿಲ್ಲ. ನೀವು ಹೇಳುವುದು ಸರಿಯೋ ತಪ್ಪೋ ಎಂದು ಆ ನಿಯಮ ಕೇಳುವುದೇ ಇಲ್ಲ. ನಾಲ್ಕನೆಯ ಸಲ ಅಳಿಸಿದಿರಾ, ಸತ್ಯವಂತರಾದರೂ ಹೊರಗೆ. ಮೊದಲ ಸಲ ಕೇಳಿದಾಗ ಇದು ಅನ್ಯಾಯ ಎನಿಸುತ್ತದೆ. ಅನ್ಯಾಯವೇ ಇರಬಹುದು. ಆದರೆ ಆ ಬಿಡುವಿನಲ್ಲಿ ಯಾರಾದರೊಬ್ಬರು ವರದಿಯ ಮೂಲ ಪುಟವನ್ನು ಹುಡುಕಿ ತರುವ ಸಾಧ್ಯತೆ ಇರುತ್ತದೆ. ಅಕ್ಕಲಕೋಟೆಯ ಕಟ್ಟೆಯ ಮೇಲೆ ಹಿರಿಯರು ಹೇಳುವ ಧಾಟಿಯಲ್ಲೇ ಹೇಳುವುದಾದರೆ, ‘ನೀವ್ ಹೇಳೂದು ಖರೇ ಇದ್ದೀತ್ರಿ, ಕಾಗದ ಎಲ್ಲೈತಿ?’

2022ರ ಚಳಿಗಾಲವನ್ನು ಈ ಭಾಗದವರು ಮರೆತಿಲ್ಲ. ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಜತ್ತ ತಾಲ್ಲೂಕಿನ ಊರುಗಳ ಮಾತೆತ್ತಿದರು, ಬೆನ್ನಿಗೇ ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡ ಪ್ರದೇಶಗಳೂ ಕರ್ನಾಟಕಕ್ಕೆ ಸೇರಬೇಕು ಎಂದರು. ಒಂದು ಹಳ್ಳಿಯನ್ನೂ ಬಿಡುವುದಿಲ್ಲ ಎಂದು ಮಹಾರಾಷ್ಟ್ರದಿಂದ ಉತ್ತರ ಬಂತು. ಬಸ್ಸುಗಳಿಗೆ ಮಸಿ ಬಿತ್ತು. ಡಿಸೆಂಬರ್ 14ರಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ಇಬ್ಬರು ಮುಖ್ಯಮಂತ್ರಿಗಳನ್ನೂ ದೆಹಲಿಯಲ್ಲಿ ಕೂರಿಸಿ ಮಾತಾಡಿಸಿದರು. ಎರಡೂ ಕಡೆಯ ತಲಾ ಮೂವರು ಸಚಿವರ ಸಮಿತಿ ಎಂದು ತೀರ್ಮಾನವಾಯಿತು. ಅಂದು ಶಾ ಹೇಳಿದ ಇನ್ನೊಂದು ಮಾತು ನಮ್ಮ ವಿಷಯಕ್ಕೆ ಹತ್ತಿರದ್ದು: ದೊಡ್ಡ ನಾಯಕರ ಹೆಸರಿನ ನಕಲಿ ಟ್ವಿಟರ್ ಖಾತೆಗಳು ಬೆಂಕಿಗೆ ತುಪ್ಪ ಸುರಿದಿವೆ, ಅವುಗಳ ಮೇಲೆ ಎಫ್‌ಐಆರ್ ಆಗಲಿದೆ.

ಅದೇ ತಿಂಗಳು ಅಕ್ಕಲಕೋಟೆ ತಾಲ್ಲೂಕಿನ 11 ಗ್ರಾಮ ಪಂಚಾಯಿತಿಗಳು ಕರ್ನಾಟಕಕ್ಕೆ ಹೋಗುತ್ತೇವೆ ಎಂದು ಠರಾವು ಮಾಡಿದ ಸುದ್ದಿ ಬಂತು. ಠರಾವಿನ ಬೆನ್ನಿಗಿದ್ದದ್ದು ರಸ್ತೆ ಮತ್ತು ನೀರು. ಸವಲತ್ತು ಕೊಡಿ, ಇಲ್ಲವಾದರೆ ನಮ್ಮನ್ನು ಬಿಡಿ ಎಂಬ ಬೇಡಿಕೆ. ಆಡಳಿತ ನೋಟಿಸು ಕೊಟ್ಟಿತು, ಹೆಚ್ಚಿನ ಪಂಚಾಯಿತಿಗಳು ಠರಾವು ಹಿಂದಕ್ಕೆ ಪಡೆದವು. ಈಗ ಇದನ್ನು ವಿಶ್ವಕೋಶಕ್ಕೆ ಹೇಗೆ ಬರೆಯುವುದು? ‘ಅಕ್ಕಲಕೋಟೆಯ ಜನ ಕರ್ನಾಟಕ ಸೇರಲು ಬಯಸುತ್ತಾರೆ’ ಎಂದು ಕನ್ನಡಾಭಿಮಾನಿ ಬರೆಯಬಹುದು. ‘ಕೆಲವರ ಕುಮ್ಮಕ್ಕಿನಿಂದ ಆದ ಠರಾವು, ರದ್ದಾಯಿತು’ ಎಂದು ಮರಾಠಿ ಅಭಿಮಾನಿ ಬರೆಯಬಹುದು. ಎರಡೂ ನಡೆದ ಸಂಗತಿಯನ್ನೇ ಹಿಂಡಿ ತೆಗೆದವು. ಆದರೆ ರಸ್ತೆ ಮತ್ತು ನೀರು ಎರಡರಲ್ಲೂ ಇಲ್ಲ! ಎಷ್ಟು ಪಂಚಾಯಿತಿ, ಯಾವ ತಿಂಗಳು, ಏನು ಕಾರಣ ಕೊಟ್ಟರು, ಆಡಳಿತ ಏನು ಮಾಡಿತು, ಕೊನೆಗೇನಾಯಿತು ಎಂದು ಒಂದರ ಹಿಂದೊಂದು ಜೋಡಿಸಿದರೆ ಇಬ್ಬರಿಗೂ ಪೂರ್ತಿ ಹಿತವಾಗದ, ಆದರೆ ಅಳಿಸಲು ಕಾರಣ ಸಿಗದ ಪ್ಯಾರಾ ಸಿದ್ಧವಾಗುತ್ತದೆ. ವಿಕಿಪೀಡಿಯದ ತಟಸ್ಥ ದೃಷ್ಟಿ ಎಂಬುದರ ನಿಜವಾದ ಬಳಕೆ ಇದು. ಬರೆಯುವವರಿಗೆ ಅಭಿಪ್ರಾಯ ಇರಬಾರದೆಂದು ಆ ನಿಯಮ ಎಲ್ಲೂ ಹೇಳುವುದಿಲ್ಲ.

ಅಭಿಪ್ರಾಯವನ್ನು ತೋರಿಸಬಹುದೇ ಎಂಬುದು ಬೇರೆ ಪ್ರಶ್ನೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಇದು 2006ರ ಆರಂಭದಲ್ಲಿ ದೊಡ್ಡ ರಾದ್ಧಾಂತವಾಯಿತು. ಸದಸ್ಯರು ತಮ್ಮ ಪುಟಗಳಲ್ಲಿ ಪುಟ್ಟ ಬಣ್ಣದ ಪಟ್ಟಿಗಳನ್ನು ಅಂಟಿಸಿಕೊಳ್ಳುತ್ತಿದ್ದರು: ನಾನು ಈ ಪಕ್ಷದವನು, ಈ ಧರ್ಮದವನು, ಇಂಥದ್ದಕ್ಕೆ ವಿರೋಧಿ. ಪಟ್ಟಿ ಇದ್ದವರೆಲ್ಲ ಒಂದು ವರ್ಗದಡಿ ಸೇರುತ್ತಿದ್ದರು. ಮತ ಹಾಕುವ ಪ್ರಸಂಗ ಬಂದರೆ ಆ ವರ್ಗದವರನ್ನೆಲ್ಲ ಕರೆದು ಗುಂಪು ಕಟ್ಟುವುದು ಸುಲಭವಾಗುತ್ತಿತ್ತು. ಕೆಲವು ನಿರ್ವಾಹಕರು ಕೇಳದೇ ಅಳಿಸಿದರು, ಇನ್ನು ಕೆಲವರು ಮರಳಿ ತಂದರು, ಅಧಿಕಾರ ಕಳೆದುಕೊಂಡವರೂ ಇದ್ದರು. ಸಹ-ಸಂಸ್ಥಾಪಕ ಜಿಮ್ಮಿ ವೇಲ್ಸ್ ನೀವಾಗಿಯೇ ತೆಗೆದುಬಿಡಿ ಎಂದು ಕೋರಿಕೊಂಡರು. ಕೊನೆಗೆ ಜರ್ಮನ್ ವಿಕಿಪೀಡಿಯದವರ ದಾರಿ ಹಿಡಿದರು: ಇಂಥ ಪಟ್ಟಿಗಳು ಸಮುದಾಯದ ಸಾಮಾನ್ಯ ಅಂಗಳದಲ್ಲಿ ಬೇಡ, ಬೇಕಾದವರು ತಮ್ಮ ಸ್ವಂತ ಪುಟದ ಕೆಳಗೆ ಇಟ್ಟುಕೊಳ್ಳಲಿ.

ನನ್ನ ಒಲವು ಪಟ್ಟಿ ಇರಲಿ ಎನ್ನುವವರ ಕಡೆಗೆ. ಮಹಾಜನ್ ವರದಿ ಜಾರಿಯಾಗಬೇಕು ಎಂದು ತನ್ನ ಪುಟದಲ್ಲಿ ಬರೆದುಕೊಂಡ ಸಂಪಾದಕನ ತಿದ್ದುಪಡಿಯನ್ನು ನಾನು ಎಚ್ಚರದಿಂದ ಓದಬಲ್ಲೆ, ಅವನೂ ಎಚ್ಚರದಿಂದ ಬರೆಯುತ್ತಾನೆ. ಏನೂ ಬರೆದುಕೊಳ್ಳದೆ ಸದ್ದಿಲ್ಲದೆ ಹಳ್ಳಿಯ ಪುಟಗಳಲ್ಲಿ ಒಂದೊಂದೇ ವಿಶೇಷಣ ಬದಲಿಸುತ್ತ ಹೋಗುವವನನ್ನು ಹಿಡಿಯುವುದು ಕಷ್ಟ.

ಅದೇ ಇಂಗ್ಲಿಷ್ ವಿಕಿಪೀಡಿಯ 2012ರಲ್ಲಿ ತೆಗೆದುಕೊಂಡ ಇನ್ನೊಂದು ತೀರ್ಮಾನ ಬೋರಾಮಣಿಯಂಥ ಊರುಗಳಿಗೆ ನೇರವಾಗಿ ತಟ್ಟಿತು. ಭಾರತಕ್ಕೆ ಸಂಬಂಧಿಸಿದ ಲೇಖನಗಳ ಪೀಠಿಕೆಯಲ್ಲಿ ಭಾರತೀಯ ಲಿಪಿಗಳನ್ನು ಬಳಸಬಾರದು. ಇದು ಕೇಂದ್ರದ ಆದೇಶವಲ್ಲ, ಭಾಷಾ ದ್ವೇಷವೂ ಅಲ್ಲ; ಭಾರತೀಯ ಸಂಪಾದಕರೇ ಹೆಚ್ಚಾಗಿ ಭಾಗವಹಿಸಿದ ಚರ್ಚೆಯ ಫಲ. ಒಂದು ಊರಿಗೆ ಯಾವ ಲಿಪಿ ಮೊದಲು, ಎಷ್ಟು ಲಿಪಿ, ಯಾರ ಕಾಗುಣಿತ ಎಂದು ನಡೆಯುತ್ತಿದ್ದ ಜಗಳಕ್ಕೆ ಕೊನೆಯೇ ಇರಲಿಲ್ಲ. ಸೊಲ್ಲಾಪುರವನ್ನೇ ತೆಗೆದುಕೊಳ್ಳಿ: ಮರಾಠಿ ರಾಜ್ಯಭಾಷೆ, ಕನ್ನಡ ಹಳೆಯ ನೆಲದ ಮಾತು, ತೆಲುಗು ಪದ್ಮಶಾಲಿ ನೇಕಾರರದು, ಉರ್ದು ಮೊಹಲ್ಲಾಗಳದು. ನಾಲ್ಕು ಲಿಪಿ ಹಾಕಿದರೆ ಐದನೆಯದು ಬರುತ್ತದೆ, ಒಂದೇ ಹಾಕಿದರೆ ಮೂರು ಕಡೆಯವರು ಬರುತ್ತಾರೆ. ದಣಿದವರು ಎಲ್ಲವನ್ನೂ ಕಿತ್ತುಹಾಕಿ ಮನೆಗೆ ಹೋದರು.

ನನಗೆ ಈ ತೀರ್ಮಾನದ ಮೇಲೆ ಸಿಟ್ಟಿದೆ, ತೆಗೆದುಕೊಂಡವರ ಮೇಲಿಲ್ಲ. ಸಮಸ್ಯೆ ಇದ್ದದ್ದು ಜನರ ನಡತೆಯಲ್ಲಿ, ಕತ್ತರಿ ಬಿದ್ದದ್ದು ಮಾಹಿತಿಗೆ. ಇಂಗ್ಲಿಷಿನಲ್ಲಿ ಓದುವ ಕೇರಳದವರಿಗೋ ಬಂಗಾಳದವರಿಗೋ ಆ ಊರಿನವರು ತಮ್ಮ ಊರಿನ ಹೆಸರನ್ನು ಹೇಗೆ ಬರೆದುಕೊಳ್ಳುತ್ತಾರೆ ಎಂಬ ಸರಳ ಸಂಗತಿ ಕಾಣದೆ ಹೋಯಿತು. ನಡತೆಗೆ ಕಟ್ಟುಪಾಡು ಇಲ್ಲದ ಕಡೆ ಹೀಗೇ ಆಗುತ್ತದೆ: ಒಂದೋ ವಿಷಯವನ್ನು ತೆಗೆಯುತ್ತಾರೆ, ಇಲ್ಲವೇ ಮೆತ್ತಗಿನ ಜನ ತಾವಾಗಿ ಎದ್ದು ಹೋಗುತ್ತಾರೆ.

ಬೇರೆ ದೇಶದವರು ಇಷ್ಟು ಬೇಗ ಕೈಚೆಲ್ಲಲಿಲ್ಲ. ಪೋಲೆಂಡಿನ ಗ್ದಾನ್ಸ್ಕ್ ನಗರವನ್ನು ಜರ್ಮನ್ನರು ದಾನ್ಜಿಗ್ ಎನ್ನುತ್ತಾರೆ. ಯಾವ ಹೆಸರು ಬಳಸಬೇಕೆಂದು ಅದೇ ಇಂಗ್ಲಿಷ್ ವಿಕಿಪೀಡಿಯದ ನೂರಾರು ಪುಟಗಳಲ್ಲಿ ಹೊಡೆದಾಡಿ ಹೊಡೆದಾಡಿ ಕೊನೆಗೆ 2005ರಲ್ಲಿ ಮತಕ್ಕೆ ಹಾಕಿದರು. 1308ರಿಂದ 1945ರವರೆಗಿನ ಚರಿತ್ರೆಗೆ ದಾನ್ಜಿಗ್, ಅದರ ಹಿಂದಿನದಕ್ಕೂ ಮುಂದಿನದಕ್ಕೂ ಗ್ದಾನ್ಸ್ಕ್. ಉತ್ತರ ಐರ್ಲೆಂಡಿನ ಡೆರಿಯ ವಿಷಯದಲ್ಲಿ ನಗರಕ್ಕೆ ಐರಿಷ್ ರಾಷ್ಟ್ರೀಯವಾದಿಗಳ ಡೆರಿ, ಕೌಂಟಿಗೆ ಬ್ರಿಟಿಷ್ ಪರರ ಲಂಡನ್‌ಡೆರಿ. ತರ್ಕಕ್ಕೆ ಅಷ್ಟೇನೂ ಒಗ್ಗದ ಒಪ್ಪಂದಗಳು ಇವು, ಆದರೆ ಬಾಳಿಕೆ ಬಂದಿವೆ. ಎಲ್ಲರೂ ಸೇರಿ ಬಿಡಿಸುವ ನಕಾಶೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಬೇರೆ ಉಪಾಯ ಮಾಡಿತು. ಅಲ್ಲಿ ನೆಲದ ಮೇಲೆ ಏನಿದೆಯೋ ಅದೇ ನಿಯಮ. ಹಕ್ಕು ಯಾರದೆಂದು ಕೇಳುವುದಿಲ್ಲ, ಆಡಳಿತ ಯಾರ ಕೈಯಲ್ಲಿದೆ, ಊರ ಹಲಗೆಯಲ್ಲಿ ಏನಿದೆ ಎಂದು ನೋಡುತ್ತಾರೆ. ಜತೆಗೆ ಒಂದೊಂದು ಭಾಷೆಗೂ ಬೇರೆ ಬೇರೆ ಖಾನೆ ಇಟ್ಟಿದ್ದಾರೆ. ಬೋರಾಮಣಿಗೆ ಕನ್ನಡದ ಖಾನೆಯಲ್ಲಿ ಕನ್ನಡ, ಮರಾಠಿಯದರಲ್ಲಿ ಮರಾಠಿ. ಒಂದು ತುಂಬಿದರೆ ಇನ್ನೊಂದು ಖಾಲಿಯಾಗುವುದಿಲ್ಲ. ಹಾಗಂತ ಅಲ್ಲಿಯೂ ಎಲ್ಲ ಸುಸೂತ್ರವಿಲ್ಲ. ಕ್ರಿಮಿಯಾವನ್ನು ರಷ್ಯಾದೊಳಗೆ ತೋರಿಸಬೇಕೆಂದು ಅವರ ದತ್ತಾಂಶ ತಂಡ 2018ರ ನವೆಂಬರ್‌ನಲ್ಲಿ ಇದೇ ನಿಯಮದಡಿ ಹೇಳಿದರೆ, ಮರು ತಿಂಗಳೇ ಆಡಳಿತ ಮಂಡಳಿ ಅದನ್ನು ತಿರುಗಿಸಿಬಿಟ್ಟಿತು.

ಇನ್ನು ನಡಾವಳಿ ಸಂಹಿತೆಗಳು. ತಂತ್ರಾಂಶದವರಲ್ಲಿ ಹೆಚ್ಚು ಬಳಕೆಯಲ್ಲಿರುವುದು 2014ರಲ್ಲಿ ಕೊರಲೈನ್ ಅಡಾ ಎಮ್ಕೆ ಬರೆದ ‘ಕಾಂಟ್ರಿಬ್ಯೂಟರ್ ಕವೆನಂಟ್’. ಲಿನಕ್ಸ್ ಕರ್ನೆಲ್ ತಂಡ 2018ರ ಸೆಪ್ಟೆಂಬರ್‌ನಲ್ಲಿ ಇದನ್ನು ಒಪ್ಪಿಕೊಂಡಿತು. ಅದೇ ಹೊತ್ತಿಗೆ ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ ತಮ್ಮ ಒರಟು ಮಾತಿಗೆ ಕ್ಷಮೆ ಕೇಳಿ ಕೆಲಕಾಲ ಬಿಡುವು ತೆಗೆದುಕೊಂಡರು. ಲಿನಕ್ಸ್ ತಂಡ ಒಪ್ಪಿಕೊಂಡ ಆವೃತ್ತಿಯಲ್ಲಿ ಒಂದು ಸೂಕ್ಷ್ಮವಿದೆ. ವಯಸ್ಸು, ಲಿಂಗ, ಧರ್ಮ, ರಾಷ್ಟ್ರೀಯತೆ ಯಾವುದೇ ಇರಲಿ ಎಲ್ಲರಿಗೂ ಕಿರುಕುಳವಿಲ್ಲದ ಜಾಗ ಎಂಬ ಪಟ್ಟಿಯಲ್ಲಿ ರಾಜಕೀಯ ಅಭಿಪ್ರಾಯದ ಹೆಸರಿಲ್ಲ. ಆದರೆ ಮಾಡಬಾರದ್ದರ ಪಟ್ಟಿಯಲ್ಲಿ ವೈಯಕ್ತಿಕ ದಾಳಿಯ ಪಕ್ಕದಲ್ಲೇ ರಾಜಕೀಯ ದಾಳಿಯೂ ಇದೆ. ನಿಮ್ಮ ಅಭಿಪ್ರಾಯಕ್ಕೆ ನಾವು ಕಾವಲು ಕೂರುವುದಿಲ್ಲ, ಆದರೆ ಅದನ್ನು ಹಿಡಿದು ಯಾರೂ ನಿಮ್ಮ ಮೇಲೆ ಬೀಳುವಂತಿಲ್ಲ ಎಂದು ಅದರ ಅರ್ಥ. 2021ರ ಆವೃತ್ತಿಯಲ್ಲಿ ಪಟ್ಟಿಗೆ ಜಾತಿಯೂ ಸೇರಿತು.

ವಿಕಿಮೀಡಿಯ ಪ್ರತಿಷ್ಠಾನದ ಸಾರ್ವತ್ರಿಕ ನಡಾವಳಿ ಸಂಹಿತೆ 2021ರಲ್ಲಿ ಬಂತು, ಜಾರಿಯ ವಿಧಾನದ ಮೇಲೆ 2022 ಮತ್ತು 2023ರಲ್ಲಿ ಎರಡು ಸಲ ಮತದಾನವಾಯಿತು. ಹೀಯಾಳಿಕೆಗೆ ಯಾವುದನ್ನೆಲ್ಲ ಕಾರಣ ಮಾಡಬಾರದು ಎಂದು ಅದು ಕೊಡುವ ಪಟ್ಟಿಯಲ್ಲಿ ಜಾತಿಯೂ ಇದೆ, ರಾಜಕೀಯ ನಿಲುವೂ ಇದೆ. ಇನ್ನೊಬ್ಬರ ಗುಟ್ಟಿನ ವಿವರ ಬಯಲಿಗೆಳೆಯುವುದು ಕಿರುಕುಳ. ತನ್ನ ನೋಟವೊಂದೇ ಮೇಲಾಗುವಂತೆ ವ್ಯವಸ್ಥಿತವಾಗಿ ಮಾಹಿತಿ ತಿರುಚುವುದೂ ಅಪರಾಧವೇ. ಕೊನೆಯದನ್ನು ಗಮನಿಸಿ; ನೋಟ ಇಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ.

ಇದು ಕಾಗದದ ಮೇಲಿನ ಮಾತು. ಗಡಿಭಾಗದ ಒಂದು ಉದಾಹರಣೆಯಿಂದ ನೋಡೋಣ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ಬಸ್ಸಿನಲ್ಲಿ ಪಕ್ಕದವರು ‘ಯಾವೂರ್ರೀ ನಿಮ್ದು?’ ಎಂದರೆ ಅದು ಮಾತಿಗೆ ಪೀಠಿಕೆ. ಐದು ನಿಮಿಷದಲ್ಲಿ ಒಂದು ಬೀಗತನ ಹೊರಬರುತ್ತದೆ. ಅದೇ ಪ್ರಶ್ನೆ ಗಡಿಯ ಕುರಿತ ಚರ್ಚೆ ಪುಟದಲ್ಲಿ ಬಿದ್ದರೆ ಅದು ಆಪಾದನೆ. ಊರು ತಿಳಿದರೆ ಭಾಷೆ ತಿಳಿಯುತ್ತದೆ, ಭಾಷೆ ತಿಳಿದರೆ ಪಕ್ಷ ತಿಳಿಯುತ್ತದೆ, ಪಕ್ಷ ತಿಳಿದ ಮೇಲೆ ಅವರು ತಂದ ದಾಖಲೆ ಓದುವ ಅಗತ್ಯವೇ ಇಲ್ಲವಲ್ಲ! ಒಬ್ಬರ ಹುಟ್ಟಿದ ನೆಲವನ್ನೇ ನಡತೆಯ ಬದಲಿಗೆ ತೂಗುವ ಈ ಚಾಳಿ ನಮ್ಮದೊಂದೇ ಅಲ್ಲ. 2024ರ ಅಕ್ಟೋಬರ್‌ನಲ್ಲಿ ಲಿನಕ್ಸ್ ಕರ್ನೆಲಿನ ಉಸ್ತುವಾರಿ ಪಟ್ಟಿಯಿಂದ ರಷ್ಯಾದ ಹಲವರ ಹೆಸರು ತೆಗೆದುಹಾಕಿದರು. ನಿರ್ಬಂಧದ ಕಾನೂನು ಎಂಬುದು ಕಾರಣ. ಅವರ ಸಂಕೇತ ಕೆಟ್ಟಿತ್ತೆಂದೋ ಅವರು ಯಾರನ್ನೋ ಬೈದರೆಂದೋ ಯಾರೂ ಹೇಳಲಿಲ್ಲ.

ಹಾಗಾದರೆ ಒಂದೇ ಮನಸ್ಸಿನವರು ಮಾತ್ರ ಸೇರಿ ಬರೆದರೆ ನೆಮ್ಮದಿಯಲ್ಲವೇ? ನೆಮ್ಮದಿ ಹೌದು. 2019ರಲ್ಲಿ ‘ನೇಚರ್ ಹ್ಯೂಮನ್ ಬಿಹೇವಿಯರ್’ ಪತ್ರಿಕೆಯಲ್ಲಿ ಬಂದ ಸಂಶೋಧನೆಯೊಂದು ಇಂಗ್ಲಿಷ್ ವಿಕಿಪೀಡಿಯದ ಸಂಪಾದಕರ ರಾಜಕೀಯ ಒಲವನ್ನು ಅವರ ತಿದ್ದುಪಡಿಗಳಿಂದಲೇ ಅಳೆದು ನೋಡಿತು. ಎಡ ಬಲ ಎರಡೂ ಕಡೆಯವರು ಬೆರೆತು ಬರೆದ ಲೇಖನಗಳು ಒಂದೇ ಕಡೆಯವರು ಬರೆದವಕ್ಕಿಂತ, ನಡುಪಂಥೀಯರೇ ಬರೆದವಕ್ಕಿಂತಲೂ ಗುಣಮಟ್ಟದಲ್ಲಿ ಮೇಲಿದ್ದವು. ಜಗಳ ಉದ್ದವಿತ್ತು, ಆದರೆ ವಿಷಯದ ಮೇಲಿತ್ತು. ಇಂಥ ಕಡೆ ಸಮುದಾಯದ ನಿಯಮಗಳನ್ನು ಹಿಡಿದು ವಾದಿಸುವುದೂ ಹೆಚ್ಚು.

ಇದಕ್ಕೆ ತಿರುಗುಮುರುಗಾದ ಕತೆ ಕ್ರೊಯೇಷಿಯನ್ ಭಾಷೆಯ ವಿಕಿಪೀಡಿಯದ್ದು. ಚಿಕ್ಕ ಸಮುದಾಯ, ನಿರ್ವಾಹಕರ ಹುದ್ದೆಗಳೆಲ್ಲ ತೀವ್ರ ಬಲಪಂಥದ ಒಂದು ಕೂಟದ ಕೈಗೆ ಹೋದವು. ಎರಡನೆಯ ಮಹಾಯುದ್ಧದ ಹೊತ್ತಿನ ಉಸ್ತಾಶೆ ಆಡಳಿತದ ಕೊಲೆಗಳನ್ನು ತೆಳುಗೊಳಿಸಿ ಬರೆದರು. ವಿರೋಧಿಸಿದವರನ್ನು ನಿಯಮದ ಹೆಸರಲ್ಲೇ ಹೊರಹಾಕಿದರು. 2013ರಲ್ಲಿ ಆ ದೇಶದ ಶಿಕ್ಷಣ ಸಚಿವರೇ ಮಕ್ಕಳಿಗೆ ಅದನ್ನು ಓದಬೇಡಿ ಎಂದರು. ಸುಮಾರು ಹತ್ತು ವರ್ಷ ಹೀಗೇ ನಡೆದದ್ದನ್ನು 2021ರಲ್ಲಿ ಪ್ರತಿಷ್ಠಾನದ ವರದಿ ವಿವರವಾಗಿ ದಾಖಲಿಸಿತು. ಅಲ್ಲಿಯೂ ನಡಾವಳಿ ನಿಯಮಗಳಿದ್ದವು. ಜಾರಿ ಮಾಡುವವರೆಲ್ಲ ಒಂದೇ ಕಡೆಯವರಾಗಿದ್ದರು, ಅಷ್ಟೇ.

ಕನ್ನಡ ವಿಕಿಪೀಡಿಯದ ಕುರಿತು ಯೋಚಿಸುವಾಗ ನನಗೆ ನೆನಪಾಗುವುದು ಇದೇ. 2003ರಲ್ಲಿ ಕನ್ನಡದ್ದೂ ಮರಾಠಿಯದೂ ತಿಂಗಳೊಪ್ಪತ್ತಿನ ಅಂತರದಲ್ಲಿ ಹುಟ್ಟಿದವು. ಕನ್ನಡದಲ್ಲಿ 30 ಸಾವಿರಕ್ಕೂ ಮಿಕ್ಕಿ ಲೇಖನಗಳಿವೆ, ಮರಾಠಿಯಲ್ಲಿ ಅದರ ಮೂರು ಪಟ್ಟಿನಷ್ಟು. ಎರಡರಲ್ಲೂ ನಿತ್ಯ ದುಡಿಯುವ ಕೈಗಳು ಕಡಿಮೆ, ನಿರ್ವಾಹಕರು ಬೆರಳೆಣಿಕೆಯಷ್ಟು. ಕನ್ನಡದವರು ತಮ್ಮ ಸಾಮಾನ್ಯ ಚರ್ಚೆಯ ಜಾಗಕ್ಕೆ ಅರಳಿ ಕಟ್ಟೆ ಎಂದು ಹೆಸರಿಟ್ಟಿದ್ದಾರೆ, ಮರಾಠಿಯವರು ಚಾವಡಿ ಎಂದು. ಬೋರಾಮಣಿ ಸುತ್ತಿನ ಯಾವ ಹಳ್ಳಿಗೆ ಹೋದರೂ ಕಟ್ಟೆಯೂ ಚಾವಡಿಯೂ ಎದುರುಬದುರು ಸಿಗುತ್ತವೆ, ಅದೇ ಜನ ಎರಡರಲ್ಲೂ ಕೂರುತ್ತಾರೆ. ಅಂತರ್ಜಾಲದಲ್ಲಿ ಮಾತ್ರ ಕಟ್ಟೆಯವರು ಚಾವಡಿಗೆ ಹೋಗುವುದಿಲ್ಲ. ಗಡಿಯ ಬಗ್ಗೆ ಕನ್ನಡ ಪುಟವನ್ನು ಕನ್ನಡಿಗರೇ ಬರೆಯುತ್ತಾರೆ, ಕನ್ನಡಿಗರೇ ಪರಿಶೀಲಿಸುತ್ತಾರೆ, ಮರಾಠಿಯಲ್ಲಿಯೂ ಹಾಗೆಯೇ. ಜಗಳವಿಲ್ಲ, ಬೈಗುಳವಿಲ್ಲ, ನಡಾವಳಿ ಸಂಹಿತೆಗೆ ಕೆಲಸವೇ ಇಲ್ಲ. ಭಯಪಡಬೇಕಾದದ್ದು ಈ ಶಾಂತಿಗೆ.

ಭಾಷೆಗಳು ಬೆರೆತೇ ಬಾಳಿದ ಸೊಲ್ಲಾಪುರದ ಮಟ್ಟಿಗೆ ಹೀಗೆ ಬೇರೆ ಬೇರೆ ಕೂರುವುದು ವಿಪರ್ಯಾಸ. ಸ್ವಾತಂತ್ರ್ಯ ಹೋರಾಟದಲ್ಲಿ 1931ರ ಜನವರಿ 12ರಂದು ಗಲ್ಲಿಗೇರಿದ ಈ ಊರಿನ ನಾಲ್ವರ ಹೆಸರು ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರ್ಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್. ಇಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆ ಕನ್ನಡದಲ್ಲಿ ಸಿದ್ಧರಾಮನ ಪುರಾಣ ಬರೆದರು, ವಚನಗಳನ್ನು ಮರಾಠಿಗೆ ಒಯ್ದರು, 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠದಲ್ಲಿ ಕೂತ ಮೊದಲ ಹೆಂಗಸು ಅವರು. ಕರ್ನಾಟಕ ಏಕೀಕರಣದ ಬಗ್ಗೆ ಅವರಿಗಿದ್ದ ನಿಲುವು ಗುಟ್ಟಿನದೇನಲ್ಲ. ಅದು ಅವರ ಮರಾಠಿ ಕೆಲಸವನ್ನು ತಡೆಯಲಿಲ್ಲ.

ಸರ್ಕಾರಗಳು ನಡುವೆ ಬಂದಾಗ ಸಮುದಾಯದ ಸಂಹಿತೆ ಎಷ್ಟು ದೂರ ಕಾಯುತ್ತದೆ ಎಂಬುದೂ ಈಚೆಗೆ ಗೊತ್ತಾಗಿದೆ. 2025ರ ಫೆಬ್ರುವರಿಯಲ್ಲಿ ‘ಛಾವಾ’ ಚಿತ್ರ ತೆರೆಕಂಡ ಬೆನ್ನಿಗೆ ಸಂಭಾಜಿ ಮಹಾರಾಜರ ಕುರಿತ ಇಂಗ್ಲಿಷ್ ವಿಕಿಪೀಡಿಯ ಪುಟದ ಕೆಲವು ವಾಕ್ಯಗಳ ಮೇಲೆ ಮಹಾರಾಷ್ಟ್ರದಲ್ಲಿ ಆಕ್ಷೇಪ ಎದ್ದಿತು. ತೆಗೆಸಿ ಎಂದು ಮುಖ್ಯಮಂತ್ರಿ ಸೈಬರ್ ಪೊಲೀಸರಿಗೆ ಹೇಳಿದರು, ಕೆಲವು ಸಂಪಾದಕರ ಮೇಲೆ ಮೊಕದ್ದಮೆಯೇ ದಾಖಲಾಯಿತು. ಅದಕ್ಕೂ ಮುಂಚೆ 2024ರಲ್ಲಿ ಎಎನ್‌ಐ ಸುದ್ದಿಸಂಸ್ಥೆ ವಿಕಿಮೀಡಿಯ ಪ್ರತಿಷ್ಠಾನದ ಮೇಲೆ ದೆಹಲಿ ಹೈಕೋರ್ಟಿನಲ್ಲಿ ಎರಡು ಕೋಟಿ ರೂಪಾಯಿ ಮಾನನಷ್ಟದ ದಾವೆ ಹೂಡಿದಾಗ ಸಂಪಾದಕರ ಗುರುತು ಕೊಡಬೇಕೇ ಎಂಬುದೇ ಮುಖ್ಯ ಪ್ರಶ್ನೆಯಾಯಿತು. ಆ ಮೊಕದ್ದಮೆಯ ಕುರಿತ ಪುಟವನ್ನೇ ತೆಗೆಯಬೇಕೆಂದು ಹೈಕೋರ್ಟ್ ಹೇಳಿದ್ದನ್ನು ಸುಪ್ರೀಂ ಕೋರ್ಟ್ 2025ರ ಮೇ 9ರಂದು ರದ್ದುಮಾಡಿತು. ಗುಪ್ತನಾಮದಲ್ಲಿ ಬರೆಯುವುದು ಹೇಡಿತನ ಎನ್ನುವವರು ಗಡಿಯ ಹಳ್ಳಿಯಲ್ಲಿ ಒಂದು ಠರಾವಿಗೆ ಸಹಿ ಹಾಕಿದ ಪಂಚಾಯಿತಿ ಸದಸ್ಯರನ್ನು ಕೇಳಿ ನೋಡಬಹುದು.

ನಾಲ್ಕನೆಯ ಸಾಲಿನ ಮಾತಿಗೆ ಬರೋಣ. ವಿಕಿಪೀಡಿಯದ ಹಳಬರಲ್ಲಿ ಒಂದು ಅಭ್ಯಾಸವಿದೆ: ವಾದ ಬಿಗಿದುಕೊಂಡಾಗ ಎದುರಾಳಿಯ ಪಕ್ಷವನ್ನು ನೀನು ಬರೆ, ನಿನ್ನದನ್ನು ಅವನು ಬರೆಯಲಿ. ಎದುರಾಳಿ ಓದಿ ‘ಹೌದು, ನಾನು ಹೇಳುವುದು ಇದೇ’ ಎನ್ನುವವರೆಗೆ ಬರೆಯಬೇಕು. ಗಡಿ ವಿವಾದಕ್ಕೆ ಇದು ಹೇಳಿ ಮಾಡಿಸಿದ ಪಾಠ, ಏಕೆಂದರೆ ಇಲ್ಲಿ ಎದುರಾಳಿಯ ವಾದವನ್ನು ಯಾರೂ ಹೊಸದಾಗಿ ಕಲಿಯಬೇಕಿಲ್ಲ. ಬೆಳಗಾವಿಯ ವಿಷಯದಲ್ಲಿ ಮಹಾರಾಷ್ಟ್ರ ಏನನ್ನುತ್ತದೆ? ಹಳ್ಳಿಯನ್ನೇ ಘಟಕವಾಗಿ ಹಿಡಿಯಿರಿ, ಹೆಚ್ಚು ಜನ ಆಡುವ ಭಾಷೆ ನೋಡಿ, ನೆಲ ಒಂದಕ್ಕೊಂದು ಅಂಟಿದೆಯೇ ನೋಡಿ, ಜನರ ಇಚ್ಛೆ ಕೇಳಿ. ಆಂಧ್ರ ಮದರಾಸು ಗಡಿ ವಿವಾದದ ಮಧ್ಯಸ್ಥ ಪಾಟಸ್ಕರ್ ಬಳಸಿದ ಸೂತ್ರ ಅದರ ಆಧಾರ. ಕರ್ನಾಟಕ ಏನನ್ನುತ್ತದೆ? ಭಾಷೆಯೊಂದೇ ಅಳತೆಯಲ್ಲ, ಗಡಿ ಎಂದೋ ತೀರ್ಮಾನವಾಗಿದೆ, ಬದಲಿಸುವ ಅಧಿಕಾರ ಸಂವಿಧಾನದ 3ನೆಯ ವಿಧಿಯಡಿ ಸಂಸತ್ತಿಗೆ ಮಾತ್ರ.

ಈಗ ಬೆಳಗಾವಿಯನ್ನು ಬಿಟ್ಟು ಅಕ್ಕಲಕೋಟೆಗೆ ಬನ್ನಿ. ಹಳ್ಳಿ, ಭಾಷೆ, ಜನರ ಇಚ್ಛೆ ಎಂದು ಮಾತಾಡುವವರು ಇಲ್ಲಿ ಕನ್ನಡಿಗರು. ಗಡಿ ಮುಗಿದ ಅಧ್ಯಾಯ, ಒಂದು ಊರನ್ನೂ ಬಿಡೆವು ಎನ್ನುವವರು ಮರಾಠಿಗರು. ಇನ್ನೂ ಒಂದು ಸಂಗತಿಯಿದೆ, ಎರಡೂ ಕಡೆಯ ಅಭಿಮಾನಿಗಳು ಹೆಚ್ಚಾಗಿ ಎತ್ತದಿರುವಂಥದ್ದು. 1960ರಲ್ಲಿ ಎರಡು ರಾಜ್ಯಗಳೂ ತಲಾ ಇಬ್ಬರಂತೆ ನಾಲ್ವರ ಸಮಿತಿ ಕೂರಿಸಿದ್ದವು. ಬೆಳಗಾವಿ ಸೇರಿದಂತೆ 814 ಊರು ಕೇಳುತ್ತಿದ್ದ ಮಹಾರಾಷ್ಟ್ರ, ಪ್ರತಿಯಾಗಿ ತನ್ನಲ್ಲಿದ್ದ ಕನ್ನಡ ಹೆಚ್ಚಿರುವ 260ರಷ್ಟು ಊರು ಬಿಟ್ಟುಕೊಡಲು ಆಗ ಸಿದ್ಧವಿತ್ತು. ಸಮಿತಿಯ ನಾಲ್ವರು ಒಂದೇ ವರದಿಯ ಮೇಲೆ ಒಪ್ಪಲಿಲ್ಲ. ಎರಡೂ ಕಡೆಯವರು ತಂತಮ್ಮ ವರದಿ ಬೇರೆ ಬೇರೆ ಬರೆದು, ತಂತಮ್ಮ ಸರ್ಕಾರಗಳಿಗೆ ಕೊಟ್ಟರು.